ಹೃದಯ ಮತ್ತು ಕಾಫಿ ಹೂವು: ವೈಜ್ಞಾನಿಕ ಚಿತ್ರ ಕಲಿಯುತ್ತಿರುವ ವಿದ್ಯಾರ್ಥಿನಿಗೆ ಉತ್ತರ

ಪ್ರಶ್ನೆ: ನಾನು ಮಡಿಕೇರಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ನನ್ನ ವಿಷಯಗಳು. ಮನೆ ಗೋಣಿಕೊಪ್ಪಲಿನ ಹತ್ತಿರ. ಚಿಕ್ಕಂದಿನಿಂದ ಚಿತ್ರ ಬರೆಯುವ ಹವ್ಯಾಸವಿದೆ. ಒಂದು ವರ್ಷದಿಂದ ಆನ್‌ಲೈನ್ ತರಗತಿಗಳ ಮೂಲಕ ವೈದ್ಯಕೀಯ ಮತ್ತು ವೈಜ್ಞಾನಿಕ ಚಿತ್ರಗಳನ್ನು ಬರೆಯಲು ಕಲಿಯುತ್ತಿದ್ದೇನೆ. ನಾನು ಬರೆದ ಹೃದಯದ ಚಿತ್ರವನ್ನು ನೋಡಿ ಪರಿಚಯದ ಶಸ್ತ್ರವೈದ್ಯರೊಬ್ಬರು, "ಬಹಳ ಚೆನ್ನಾಗಿದೆ, ಆದರೆ ಇದನ್ನಿಟ್ಟುಕೊಂಡು ಪಾಠ ಮಾಡಲಾಗದು" ಎಂದರು. ಕಾಫಿ ಹೂವಿನ ಚಿತ್ರ ನೋಡಿದ ನಮ್ಮ ಮೇಡಂ, "ಇದು ಅರೇಬಿಕಾವೋ ರೊಬಸ್ಟಾವೋ?" ಎಂದು ಕೇಳಿದರು, ನನಗೆ ಉತ್ತರ ತಿಳಿಯಲಿಲ್ಲ. ಎರಡನ್ನೂ ಫೋಟೊ ನೋಡಿ ಬರೆದಿದ್ದೆ. ಚಿತ್ರಗಳನ್ನು ಜೊತೆಗೆ ಕಳುಹಿಸಿದ್ದೇನೆ. ನಾನು ಎಲ್ಲಿ ಎಡವುತ್ತಿದ್ದೇನೆ? ಒಳ್ಳೆಯ ಟ್ಯಾಬ್ಲೆಟ್ ಕೊಳ್ಳಬೇಕೇ? ವೈದ್ಯಕೀಯ ಓದದವರಿಗೆ ಈ ಕೆಲಸ ಸಾಧ್ಯವೇ? ಇದರಿಂದ ಜೀವನ ನಡೆಯುತ್ತದೆಯೇ?

ಉತ್ತರ: ನಿಮ್ಮ ಎರಡೂ ಚಿತ್ರಗಳನ್ನು ಗಮನವಿಟ್ಟು ನೋಡಿದೆ. ಕೈಯಲ್ಲಿ ಹಿಡಿತವಿದೆ, ನೆರಳು ಬೆಳಕಿನ ತಿಳಿವಳಿಕೆಯಿದೆ. ಆ ವಿಷಯದಲ್ಲಿ ನನಗೆ ಹೇಳುವುದೇನೂ ಇಲ್ಲ. ವೈದ್ಯರು ಹೇಳಿದ್ದು, ನಿಮ್ಮ ಮೇಡಂ ಕೇಳಿದ್ದು ಮೇಲ್ನೋಟಕ್ಕೆ ಬೇರೆಬೇರೆ ಎನಿಸಿದರೂ ಅವರಿಬ್ಬರ ಆಕ್ಷೇಪ ಒಂದೇ. ವೈಜ್ಞಾನಿಕ ಚಿತ್ರವು ಯಾವುದೋ ಒಂದು ಪ್ರಶ್ನೆಗೆ ಉತ್ತರವಾಗಿರಬೇಕು, ಮತ್ತು ಅದರಲ್ಲಿನ ಪ್ರತಿ ಗೆರೆಯೂ ಆ ಉತ್ತರಕ್ಕೆ ಬೇಕೆಂಬ ಕಾರಣಕ್ಕೆ ಅಲ್ಲಿರಬೇಕು. ನೀವು ಫೋಟೊದಲ್ಲಿ ಕಂಡದ್ದನ್ನೆಲ್ಲ ಒಂದೂ ಬಿಡದೆ ಬರೆದಿದ್ದೀರಿ, ಫೋಟೊದಲ್ಲಿ ಕಾಣದೇ ಇದ್ದುದನ್ನು ಬರೆದಿಲ್ಲ. ನಿಮ್ಮ ಚಿತ್ರಗಳು ಕೆಲಸಕ್ಕೆ ಬಾರದೆ ಹೋದದ್ದು ಇದರಿಂದ.

ಹೃದಯದ ಚಿತ್ರವನ್ನೇ ತೆಗೆದುಕೊಳ್ಳೋಣ. ಹೃದಯದ ಮೇಲ್ಮೈಯ ಕೊಬ್ಬನ್ನು, ಅದರ ಮೇಲಿನ ಒದ್ದೆ ಹೊಳಪನ್ನು ನೀವು ಬಹಳ ಶ್ರದ್ಧೆಯಿಂದ ಬರೆದಿದ್ದೀರಿ. ಆದರೆ ಹೃದಯಕ್ಕೇ ರಕ್ತ ಪೂರೈಸುವ ಕರೋನರಿ ಅಪಧಮನಿಗಳು ಹರಿಯುವುದು ಆ ಕೊಬ್ಬಿನೊಳಗೆ. ಎಡ ಮತ್ತು ಬಲ ಹೃತ್ಕುಕ್ಷಿಗಳ ನಡುವಿನ ಮುಂಭಾಗದ ತೋಡಿನಲ್ಲಿ ಇಳಿದುಬರುವ ಅಪಧಮನಿ ನಿಮ್ಮ ಚಿತ್ರದಲ್ಲಿ ಒಂದು ಕಡೆ ಕಾಣಿಸಿಕೊಂಡು ಕೊಬ್ಬಿನಡಿಯಲ್ಲಿ ಮರೆಯಾಗಿ, ಬೇರೆಲ್ಲೋ ತುಂಡಾಗಿ ಮತ್ತೆ ಕಾಣುತ್ತದೆ. ಫೋಟೊಗೆ ಅದು ನಿಷ್ಠವಾಗಿರಬಹುದು, ಆದರೆ ಪಾಠಕ್ಕೆ ಬೇಕಾದುದು ಆ ರಕ್ತನಾಳ ಎಲ್ಲಿ ಹುಟ್ಟಿ, ಎಲ್ಲಿ ಕವಲೊಡೆದು, ಎಲ್ಲಿ ಕೊನೆಗೊಳ್ಳುತ್ತದೆ ಎಂಬುದು. ಚಿತ್ರಕಾರರು ಇಲ್ಲಿ ಕೊಬ್ಬನ್ನು ತೆಗೆದುಹಾಕುತ್ತಾರೆ, ಅಥವಾ ಪಾರದರ್ಶಕವಾಗಿ ತೋರಿಸಿ ಒಳಗಿನ ನಾಳವನ್ನು ಉದ್ದಕ್ಕೂ ಅಖಂಡವಾಗಿ ಬರೆಯುತ್ತಾರೆ. ಕ್ಯಾಮೆರಾಕ್ಕೆ ಈ ಆಯ್ಕೆ ಇಲ್ಲ.

ಇನ್ನೆರಡು ತಪ್ಪುಗಳನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಹೊಸಬರಲ್ಲಿ ಹೆಚ್ಚುಕಡಿಮೆ ಎಲ್ಲರೂ ಇವನ್ನು ಮಾಡುತ್ತಾರೆ. ನೀವು ಮುಂಭಾಗದ ನೋಟವನ್ನು ಬರೆಯುವಾಗ ಎಡ ಹೃತ್ಕುಕ್ಷಿಗೂ ಬಲ ಹೃತ್ಕುಕ್ಷಿಗೂ ಸರಿಸಮ ಜಾಗ ಕೊಟ್ಟಿದ್ದೀರಿ. ದೇಹದಲ್ಲಿ ಹೃದಯ ತುಸು ತಿರುಗಿ ಕುಳಿತಿರುವುದರಿಂದ ಮುಂದಿನಿಂದ ನೋಡಿದಾಗ ಬಹುಭಾಗ ಕಾಣುವುದು ಬಲ ಹೃತ್ಕುಕ್ಷಿ. ಎಡ ಹೃತ್ಕುಕ್ಷಿ ಅಂಚಿನಲ್ಲೊಂದು ಪಟ್ಟಿಯಂತೆ ಮಾತ್ರ ಕಾಣುತ್ತದೆ, ಆ ಅಂಚು ನೋಡುವವರ ಬಲಕ್ಕೆ ಬರುತ್ತದೆ. ದೇಹರಚನಾಶಾಸ್ತ್ರದಲ್ಲಿ ಎಡ ಬಲ ಎಂದರೆ ಯಾವಾಗಲೂ ರೋಗಿಯ ಎಡ ಬಲವೇ ಹೊರತು ನೋಡುವವರದಲ್ಲ. ಎರಡನೆಯದು ಬಣ್ಣಕ್ಕೆ ಸಂಬಂಧಿಸಿದ್ದು. ಅಪಧಮನಿಗೆ ಕೆಂಪು, ಅಭಿಧಮನಿಗೆ ನೀಲಿ, ನರಕ್ಕೆ ಹಳದಿ, ದುಗ್ಧರಸನಾಳಕ್ಕೆ ಹಸಿರು ಎಂಬ ರೂಢಿಯನ್ನು ನೀವು ಪಾಲಿಸಿದ್ದೀರಿ, ಸರಿ. ಆದರೆ ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ನಾಳ ಹೆಸರಿಗೆ ಅಪಧಮನಿಯಾದರೂ ಅದರಲ್ಲಿರುವುದು ಆಮ್ಲಜನಕ ಕಡಿಮೆಯಿರುವ ರಕ್ತವಾದ್ದರಿಂದ ಅದಕ್ಕೆ ಹಾಕುವುದು ನೀಲಿ. ಶ್ವಾಸಕೋಶದಿಂದ ಮರಳುವ ಅಭಿಧಮನಿಗಳಿಗೆ ಕೆಂಪು. ನೀವು ಹೆಸರು ನೋಡಿ ಬಣ್ಣ ತುಂಬಿದ್ದೀರಿ. ವೈದ್ಯರ ಕಣ್ಣಿಗೆ ಮೊದಲು ಬಿದ್ದಿರುವುದು ಇದೇ ಇರಬೇಕು, ಸೌಜನ್ಯಕ್ಕೆ ಹೇಳಿಲ್ಲ.

ನಿಜವಾದ ಹೃದಯವನ್ನು ಕೈಯಲ್ಲಿ ಹಿಡಿದು ನೋಡದೆ ಇವನ್ನು ತಿದ್ದಿಕೊಳ್ಳುವುದು ಕಷ್ಟ. ಅದೃಷ್ಟಕ್ಕೆ ನೀವಿರುವುದು ಕೊಡಗಿನಲ್ಲಿ; ಹಂದಿ ಮಾಂಸದ ಅಂಗಡಿಗೆ ನಮ್ಮಲ್ಲಿ ಕೊರತೆಯಿಲ್ಲ. ಹಂದಿಯ ಹೃದಯ ಗಾತ್ರದಲ್ಲಿಯೂ ರಚನೆಯಲ್ಲಿಯೂ ಮನುಷ್ಯನ ಹೃದಯಕ್ಕೆ ಬಹಳ ಹತ್ತಿರದ್ದು. ಅಂಗಡಿಯವರಿಗೆ ಹಿಂದಿನ ದಿನವೇ ಹೇಳಿಡಿ, ಇಲ್ಲದಿದ್ದರೆ ಮೇಲಿನ ಹೃತ್ಕರ್ಣಗಳನ್ನೂ ದೊಡ್ಡ ನಾಳಗಳನ್ನೂ ಬುಡದಲ್ಲೇ ಕತ್ತರಿಸಿ, ಬರೀ ಮಾಂಸದ ಭಾಗವನ್ನು ಸೀಳಿ ಕೊಡುತ್ತಾರೆ. ಗ್ಲೌಸ್ ಹಾಕಿಕೊಂಡು ತಣ್ಣೀರಿನಲ್ಲಿ ತೊಳೆದು, ಹೆಪ್ಪುಗಟ್ಟಿದ ರಕ್ತ ತೆಗೆದ ಮೇಲೆ ತಟ್ಟೆಯಲ್ಲಿಟ್ಟರೆ ಅದು ಚಪ್ಪಟೆಯಾಗಿ ಕುಸಿಯುತ್ತದೆ. ಕೋಣೆಗಳೊಳಗೆ ಹತ್ತಿ ತುಂಬಿ ಆಕಾರಕ್ಕೆ ತಂದುಕೊಳ್ಳಬೇಕು. ಹೊರಗಿನ ಚಿತ್ರ ಮುಗಿದ ಮೇಲೆ ಎಡ ಹೃತ್ಕುಕ್ಷಿಯನ್ನು ಉದ್ದಕ್ಕೆ ತೆರೆಯಿರಿ. ಅದರ ಗೋಡೆ ಬಲಗಡೆಯದಕ್ಕಿಂತ ಸುಮಾರು ಮೂರು ಪಟ್ಟು ದಪ್ಪವಿರುವುದನ್ನು ಬೆರಳುಗಳ ನಡುವೆ ಹಿಡಿದು ನೋಡಬಹುದು. ಗೋಡೆಯಿಂದ ಎದ್ದು ನಿಂತ ಸ್ನಾಯುಗಂಬಗಳ ತುದಿಯಿಂದ ಬಿಳಿಯ ದಾರಗಳು ಹೊರಟು ಕವಾಟದ ಅಂಚಿಗೆ ಕಟ್ಟಿಕೊಂಡಿರುತ್ತವೆ. ಕವಾಟದ ಹಾಳೆಯನ್ನು ಚಿಮುಟದಿಂದ ಮೇಲೆತ್ತಿದರೆ ಯಾವ ದಾರ ಬಿಗಿಯುತ್ತದೆ, ಯಾವುದು ಸಡಿಲಾಗುತ್ತದೆ ಎಂಬುದನ್ನು ಗಮನಿಸಿ. ಒಂದೊಂದು ಸ್ನಾಯುಗಂಬದ ದಾರಗಳೂ ಎರಡೂ ಹಾಳೆಗಳಿಗೆ ಹಂಚಿಹೋಗಿರುವುದು ಆಗ ಕಾಣುತ್ತದೆ. ಅದನ್ನು ಒಮ್ಮೆ ಕಂಡವರು ಕವಾಟದ ಚಿತ್ರದಲ್ಲಿ ದಾರಗಳನ್ನು ಅಲಂಕಾರಕ್ಕೆ ಎಳೆಯುವುದಿಲ್ಲ.

ಹಂದಿಯದನ್ನು ನೋಡಿ ಬರೆದ ಚಿತ್ರಕ್ಕೆ ಮನುಷ್ಯನ ಹೃದಯ ಎಂದು ಹೆಸರು ಹಾಕುವಂತಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಹಂದಿಯಲ್ಲಿ ಎಡಭಾಗದ ಅಜೈಗಸ್ ಅಭಿಧಮನಿ ನೇರವಾಗಿ ಹೃದಯದ ಹಿಂಭಾಗದ ಕರೋನರಿ ಸೈನಸ್ ಎಂಬ ದೊಡ್ಡ ಅಭಿಧಮನಿಗೆ ಬಂದು ಸೇರುತ್ತದೆ, ಮನುಷ್ಯನಲ್ಲಿ ಹಾಗಿಲ್ಲ. ಅಂಗ ಕೆಡದಂತೆ ಇಡಲು ಮನೆಯಲ್ಲಿ ಫಾರ್ಮಲಿನ್ ಬಳಸಲು ಹೋಗಬೇಡಿ. ಬೆಳಿಗ್ಗೆ ತಂದದ್ದನ್ನು ಸಂಜೆಯೊಳಗೆ ಬರೆದು ಮುಗಿಸುವ ಶಿಸ್ತೇ ಒಳ್ಳೆಯದು.

ಮನುಷ್ಯನ ದೇಹವನ್ನು ನೋಡುವ ದಾರಿ ಬೇರೆ. ಮಡಿಕೇರಿಯಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅಲ್ಲಿನ ಅನಾಟಮಿ ವಿಭಾಗದ ಮುಖ್ಯಸ್ಥರಿಗೆ, ನಿಮ್ಮ ಕಾಲೇಜಿನ ಪ್ರಾಂಶುಪಾಲರ ಶಿಫಾರಸು ಪತ್ರದೊಂದಿಗೆ, ಯಾವ ಅಂಗವನ್ನು ಯಾವ ಉದ್ದೇಶಕ್ಕಾಗಿ ಬರೆಯಬೇಕೆಂದು ಸ್ಪಷ್ಟವಾಗಿ ಬರೆದು ಮನವಿ ಕೊಡಿ. "ದೇಹರಚನೆ ಕಲಿಯಬೇಕು" ಎಂಬ ಅರ್ಜಿಗಿಂತ "ಮೊಣಕೈ ಕೀಲಿನ ಮೂಳೆಗಳನ್ನು ಮೂರು ನೋಟಗಳಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳಲು ಅನುಮತಿ ಬೇಕು" ಎಂಬ ಅರ್ಜಿಗೆ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚು. ಮೂಳೆಗಳಿಂದಲೇ ಆರಂಭಿಸಿ, ಏಕೆಂದರೆ ಮೂಳೆ ಆಕಾರ ಬದಲಿಸದೆ ನಿಮ್ಮ ಮುಂದೆ ಕುಳಿತಿರುತ್ತದೆ, ಮತ್ತು ಸ್ನಾಯುಗಳು ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತವೆ ಎಂಬುದರ ಗುರುತೆಲ್ಲ ಅದರ ಮೇಲಿರುತ್ತದೆ. ಫೋನ್ ಹೊರಗಿಟ್ಟು ಹೋಗಿ. ಛೇದನಕ್ಕಿಟ್ಟ ದೇಹ ಯಾರೋ ದಾನವಾಗಿ ಕೊಟ್ಟದ್ದಾಗಿರಬಹುದು, ವಾರಸುದಾರರಿಲ್ಲದ್ದಾಗಿರಬಹುದು. ಅದರ ಫೋಟೊ ತೆಗೆಯುವುದು, ಗುರುತು ಸಿಗುವಂತೆ ಮುಖ ಬರೆಯುವುದು ಎರಡೂ ಸಲ್ಲದು.

ಇನ್ನು ಕಾಫಿ ಹೂವು. ಮಂಜು ಮುಸುಕಿದ ತೋಟ, ಎಲೆಗಳ ನಡುವೆ ಬಿಳಿಯ ಗೊಂಚಲು. ಗೋಡೆಗೆ ತೂಗುಹಾಕಲು ಯಾರಾದರೂ ಕೊಳ್ಳುತ್ತಾರೆ. ಮೇಡಂ ಕೇಳಿದ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರವಿಲ್ಲ. ನಿಮ್ಮ ಮನೆಯ ಸುತ್ತ ಹೆಚ್ಚಾಗಿ ರೊಬಸ್ಟಾವೇ ಇರುತ್ತದೆ, ಮಡಿಕೇರಿ ಕಡೆಯ ತೋಟಗಳಲ್ಲಿ ಅರೇಬಿಕಾ ಸಿಗುತ್ತದೆ. ಎರಡರ ರೆಂಬೆಯನ್ನೂ ತಂದು ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಿ. ಅರೇಬಿಕಾದ ಎಲೆ ಚಿಕ್ಕದು, ಕಡುಹಸಿರು; ರೊಬಸ್ಟಾದ್ದು ದೊಡ್ಡದು, ನರಗಳ ನಡುವಿನ ಭಾಗ ಉಬ್ಬಿ ಅಲೆಯಲೆಯಾಗಿರುತ್ತದೆ. ಅರೇಬಿಕಾ ಹೂವಿಗೆ ಸಾಮಾನ್ಯವಾಗಿ ಐದು ಎಸಳು. ರೊಬಸ್ಟಾದಲ್ಲಿ ಐದರಿಂದ ಏಳರವರೆಗೂ ಇರಬಹುದು. ಒಂದು ಹೂವನ್ನು ಎಣಿಸಿ ತೃಪ್ತಿಪಡದೆ ಇಡೀ ಗೊಂಚಲನ್ನು, ಬೇರೆ ಗಿಡಗಳದ್ದನ್ನೂ ಎಣಿಸಿ. ಫೋಟೊದಲ್ಲಿರುವುದು ಒಂದು ದಿನ ಒಂದು ಗಿಡದಲ್ಲಿದ್ದ ಒಂದು ಹೂವು, ಚಿತ್ರ ಆ ಜಾತಿಯ ಎಲ್ಲ ಹೂವುಗಳ ಪರವಾಗಿ ಮಾತಾಡಬೇಕು. ಹುಳು ಕಚ್ಚಿದ ಎಸಳು, ಸುರುಟಿದ ಎಲೆ ಮಾದರಿಯಲ್ಲಿದ್ದರೂ ಚಿತ್ರದಲ್ಲಿ ಬೇಡ, ರೋಗದ ಚಿತ್ರವನ್ನೇ ಬರೆಯುತ್ತಿದ್ದರೆ ಹೊರತು.

ಸಸ್ಯಶಾಸ್ತ್ರಜ್ಞರು ಮೊದಲು ಹುಡುಕುವ ಗುರುತನ್ನು ನಿಮ್ಮ ಚಿತ್ರ ಪೂರ್ತಿ ಬಿಟ್ಟಿದೆ. ಕಾಫಿಯ ಎಲೆಗಳು ಎದುರುಬದುರಾಗಿ ಜೋಡಿಯಾಗಿ ಹುಟ್ಟುತ್ತವೆ. ಆ ಎರಡು ತೊಟ್ಟುಗಳ ನಡುವೆ, ಗಿಣ್ಣಿನ ಮೇಲೆ, ಒಂದು ಪುಟ್ಟ ತ್ರಿಕೋನಾಕಾರದ ಹಾಳೆ ಇರುತ್ತದೆ. ಅದಕ್ಕೆ ಸ್ಟಿಪ್ಯೂಲ್ ಎನ್ನುತ್ತಾರೆ. ತೊಟ್ಟುಗಳ ನಡುವಿನ ಈ ಸ್ಟಿಪ್ಯೂಲ್, ಎದುರುಬದುರು ಎಲೆ, ಹೂವಿನ ಇತರ ಭಾಗಗಳ ಕೆಳಗೆ ಕುಳಿತ ಅಂಡಾಶಯ, ಈ ಮೂರೂ ಒಟ್ಟಿಗೆ ಕಂಡರೆ ಕಾಫಿ ಸೇರಿರುವ ರೂಬಿಯೇಸಿ ಕುಟುಂಬ ನೆನಪಾಗಲೇಬೇಕು. ನಿಮ್ಮ ಫೋಟೊದಲ್ಲಿ ಗಿಣ್ಣಿಗೆ ಹೂವಿನ ಗೊಂಚಲು ಅಡ್ಡ ಬಂದಿತ್ತು, ಹಾಗಾಗಿ ಅದು ಬಿಟ್ಟುಹೋಯಿತು. ಹೂವಿಲ್ಲದ ಒಂದು ಗಿಣ್ಣನ್ನು ಮೂಲೆಯಲ್ಲಿ ದೊಡ್ಡದಾಗಿ ಬರೆದಿದ್ದರೆ ಸಾಕಿತ್ತು. ಹೂವಿನ ಕೊಳವೆಯನ್ನು ಬ್ಲೇಡಿನಿಂದ ಒಂದು ಕಡೆ ಉದ್ದಕ್ಕೆ ಸೀಳಿ, ಹಾಳೆಯಂತೆ ಬಿಡಿಸಿ, ಕೇಸರಗಳು ಕೊಳವೆಯ ಬಾಯಿಯ ಹತ್ತಿರ ಎಸಳುಗಳ ನಡುನಡುವೆ ಅಂಟಿರುವುದನ್ನು ಇನ್ನೊಂದು ಚಿತ್ರದಲ್ಲಿ ತೋರಿಸಿ. ಎರಡಾಗಿ ಸೀಳಿದ ಶಲಾಕಾಗ್ರ ಮತ್ತು ಅಂಡಾಶಯದ ಅಡ್ಡಸೀಳಿಕೆಗೆ ಮತ್ತೊಂದು. ಅಡ್ಡಸೀಳಿಕೆಯಲ್ಲಿ ಎರಡು ಕೋಣೆಗಳಿರುತ್ತವೆ. ಮುಂದೆ ಹಣ್ಣಿನೊಳಗೆ ಎರಡು ಬೀಜಗಳು ಬೆನ್ನಿನ ಕಡೆ ಉಬ್ಬಿ, ಮುಖಾಮುಖಿ ಚಪ್ಪಟೆಯಾಗಿ ಬೆಳೆಯಲು ಅದೇ ಕಾರಣ.

ಸಮಯದ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹೂಮಳೆ ಬಿದ್ದು, ಅಥವಾ ಸ್ಪ್ರಿಂಕ್ಲರ್ ಹಾಕಿ, ಎಂಟು ಹತ್ತು ದಿನಕ್ಕೆ ಹೂವು ಅರಳುತ್ತದೆ. ಎರಡು ಮೂರು ದಿನಕ್ಕೆ ಬಾಡಿ ಕಂದಾಗುತ್ತದೆ. ಆ ಅವಧಿಯಲ್ಲಿ ಇಡೀ ಚಿತ್ರ ಮುಗಿಸಲಾಗದು. ಹಿಂದಿನ ವಾರವೇ ರೆಂಬೆ, ಎಲೆ, ಗಿಣ್ಣುಗಳನ್ನು ಬರೆದಿಟ್ಟುಕೊಳ್ಳಿ. ಹೂವು ಅರಳಿದ ಬೆಳಿಗ್ಗೆ ಡಿವೈಡರ್‌ನಿಂದ ಪ್ರತಿ ಭಾಗವನ್ನು ಅಳೆದು, ಅಳತೆಯನ್ನು ಮಿಲಿಮೀಟರಿನಲ್ಲಿ ಪೆನ್ಸಿಲ್ ಚಿತ್ರದ ಪಕ್ಕದಲ್ಲೇ ಬರೆಯಿರಿ. ಉಳಿದ ಹೂವುಗಳನ್ನು ಒದ್ದೆ ಬಟ್ಟೆಯೊಂದಿಗೆ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಇನ್ನೊಂದು ದಿನ ಸಿಗುತ್ತದೆ. ಬಿಳಿ ಹೂವನ್ನು ಬಿಳಿ ಕಾಗದದ ಮೇಲೆ ತೋರಿಸಲು ನೀವು ಸುತ್ತಲೂ ದಪ್ಪ ಗೆರೆ ಎಳೆದಿದ್ದೀರಿ, ಅದು ಬೇಡ. ಎಸಳಿನ ಹಿಂದೆ ಒಂದು ಎಲೆ ಬರುವಂತೆ ರೆಂಬೆಯನ್ನು ತಿರುಗಿಸಿಟ್ಟರೆ ಅಂಚು ತಾನಾಗಿ ಕಾಣುತ್ತದೆ.

ಹೀಗೆ ಮುಖ್ಯ ಚಿತ್ರದ ಕೆಳಗೆ ಬಿಡಿಸಿದ ಭಾಗಗಳನ್ನು ಸಾಲಾಗಿ ಜೋಡಿಸುವ ಕ್ರಮಕ್ಕೆ ನಮ್ಮ ದಕ್ಷಿಣದಲ್ಲಿಯೇ ಒಳ್ಳೆಯ ಮಾದರಿಗಳಿವೆ. ಮದರಾಸು ಪ್ರಾಂತದಲ್ಲಿ ವೈದ್ಯರಾಗಿದ್ದ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ 19ನೆಯ ಶತಮಾನದ ಮೊದಲರ್ಧದಲ್ಲಿ ಪ್ರಕಟಿಸಿದ ಸಸ್ಯಚಿತ್ರಗಳಲ್ಲಿ ಬಹುಪಾಲು ರಂಗಯ್ಯ ಮತ್ತು ಗೋವಿಂದು ಎಂಬ ಇಬ್ಬರು ಭಾರತೀಯ ಕಲಾವಿದರ ಕೈಯಿಂದ ಬಂದವು. ವೈಟ್ ಒಂದು ಆರ್ಕಿಡ್ ಕುಲಕ್ಕೆ ಗೋವಿಂದುವಿನ ಹೆಸರನ್ನೇ ಇಟ್ಟರು. ಆ ಕಾಲದಲ್ಲಿ ಚಿತ್ರಕಾರರ ಹೆಸರು ಪುಸ್ತಕದಲ್ಲಿ ಕಾಣುವುದೇ ಅಪರೂಪವಾಗಿತ್ತು ಎಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ.

ಈಗ ಕೆಲಸದ ಕ್ರಮ. ಆನ್‌ಲೈನ್ ತರಗತಿಗಳಲ್ಲಿ ಶೇಡಿಂಗ್ ಕಲಿಸಲು ಕೊಡುವ ಸಮಯದ ಕಾಲುಭಾಗವನ್ನೂ ಇದಕ್ಕೆ ಕೊಡುವುದಿಲ್ಲ ಎಂಬುದು ನನ್ನ ದೂರು. ಮೊದಲು ಚಿತ್ರ ಯಾರಿಗೆ, ಯಾವ ಪ್ರಶ್ನೆಗೆ ಎಂದು ಒಂದು ವಾಕ್ಯದಲ್ಲಿ ಬರೆದುಕೊಳ್ಳಬೇಕು. ಅನಂತರ ಅಳತೆ ಹಿಡಿದು ಪೆನ್ಸಿಲ್ ಕರಡು. ಆ ಕರಡನ್ನು ಇಂಕು ತಾಗುವ ಮೊದಲೇ ವಿಷಯ ಬಲ್ಲವರ ಮುಂದಿಡಬೇಕು. ನೀವು ವೈದ್ಯರಿಗೂ ಮೇಡಂಗೂ ತೋರಿಸಿದ್ದು ಮುಗಿದ ಚಿತ್ರವನ್ನು. ಮುಗಿದ ಚಿತ್ರವನ್ನು ತಿದ್ದಲು ಯಾರಿಗೂ ಮನಸ್ಸು ಬಾರದು, ಹೊಗಳಿ ಕಳುಹಿಸುತ್ತಾರೆ. ಕರಡಿನ ಮೇಲೆ ಟ್ರೇಸಿಂಗ್ ಪೇಪರ್ ಹೊದಿಸಿ, ಕೆಂಪು ಪೆನ್ಸಿಲನ್ನು ಅವರ ಕೈಗೇ ಕೊಡಿ. "ಸರಿಯಾಗಿದೆಯೇ?" ಎಂದು ಕೇಳಬೇಡಿ. "ಈ ಕವಲು ಇಲ್ಲಿಯೇ ಹೊರಡುತ್ತದೆಯೇ, ಇನ್ನೂ ಮೇಲಿನಿಂದಲೇ?" ಎಂದು ಕೇಳಿದರೆ ಅವರ ಕೈ ತಾನಾಗಿ ಕಾಗದದ ಮೇಲೆ ಓಡುತ್ತದೆ. ತಿದ್ದಿಸಿಕೊಂಡ ಕರಡುಗಳನ್ನು ತಾರೀಖು ಹಾಕಿ ಇಟ್ಟುಕೊಳ್ಳಿ.

ಇಂಕಿನ ಕೆಲಸದ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಬೆಳಕು ಮೇಲಿನ ಎಡಮೂಲೆಯಿಂದ ಬೀಳುತ್ತದೆ ಎಂಬ ರೂಢಿಯನ್ನು ಎಲ್ಲ ಚಿತ್ರಗಳಲ್ಲೂ ಪಾಲಿಸಿ, ಇಲ್ಲದಿದ್ದರೆ ಓದುವವರಿಗೆ ಉಬ್ಬು ತಗ್ಗಾಗಿ ಕಾಣುತ್ತದೆ. ಅಚ್ಚಾಗುವ ಅಳತೆಯ ಒಂದೂವರೆ ಅಥವಾ ಎರಡು ಪಟ್ಟು ದೊಡ್ಡದಾಗಿ ಬರೆಯಿರಿ. ಆದರೆ ಚಿಕ್ಕದಾಗಿಸಿದಾಗ ಒತ್ತೊತ್ತಾದ ಚುಕ್ಕಿಗಳು ಕೂಡಿಕೊಂಡು ಕಪ್ಪು ಕಲೆಯಾಗುತ್ತವೆ, ತೀರ ಸಣ್ಣ ಗೆರೆಗಳು ಮಾಯವಾಗುತ್ತವೆ, ಆದ್ದರಿಂದ ಮೊದಲೇ ಜೆರಾಕ್ಸ್‌ನಲ್ಲಿ ಅರ್ಧಕ್ಕೆ ಇಳಿಸಿ ನೋಡಿ. "ಹತ್ತು ಪಟ್ಟು ದೊಡ್ಡದು" ಎಂದು ಬರೆದರೆ ಪುಟದ ಅಳತೆ ಬದಲಾದ ಕೂಡಲೇ ಅದು ಸುಳ್ಳಾಗುತ್ತದೆ. ಚಿತ್ರದ ಪಕ್ಕದಲ್ಲಿ ಅಳತೆಗೆರೆ ಎಳೆದು ಅದು ಎಷ್ಟು ಮಿಲಿಮೀಟರ್ ಎಂದು ಬರೆದರೆ ಚಿತ್ರದೊಂದಿಗೆ ಅದೂ ಹಿಗ್ಗಿ ಕುಗ್ಗುತ್ತದೆ. ನಮ್ಮ ಮಳೆಗಾಲ ಇಂಕಿನ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದ ತೇವ ಹೀರಿ ಗೆರೆಯ ಅಂಚು ಹರಡುತ್ತದೆ, ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಕಾಗದವನ್ನೂ ಲೆನ್ಸನ್ನೂ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಆ ತಿಂಗಳುಗಳಲ್ಲಿ ಪೆನ್ಸಿಲ್ ಕೆಲಸವನ್ನೇ ಹೆಚ್ಚು ಮಾಡಿ.

ಅಭ್ಯಾಸಕ್ಕೆ ಇನ್ನೊಂದು ವಿಷಯವನ್ನೂ ಸೂಚಿಸುತ್ತೇನೆ: ಕಾಫಿಯ ಕಾಯಿ ಕೊರಕ. 1990ರಲ್ಲಿ ನಮ್ಮ ದೇಶದಲ್ಲಿ ಮೊದಲು ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿಕೊಂಡು ಅನಂತರ ಕೊಡಗಿಗೂ ಬಂದ ಈ ದುಂಬಿ ಎರಡು ಮಿಲಿಮೀಟರಿಗಿಂತ ಚಿಕ್ಕದು. ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಬೆನ್ನನ್ನು ಫೋಕಸ್ ಮಾಡಿದರೆ ಕಾಲು ಮಸುಕಾಗುತ್ತದೆ, ಕಾಲನ್ನು ಫೋಕಸ್ ಮಾಡಿದರೆ ಬೆನ್ನು. ಒಂದೊಂದು ಮಟ್ಟದಲ್ಲಿ ಸ್ಪಷ್ಟವಾಗಿ ಕಂಡದ್ದನ್ನು ಒಂದೇ ಚಿತ್ರದಲ್ಲಿ ಕೂಡಿಸುವುದೇ ಅಲ್ಲಿ ನಿಮ್ಮ ಕೆಲಸ. ಮೇಲಿನಿಂದ ನೋಡಿದಾಗ ಈ ದುಂಬಿಯ ತಲೆ ಎದೆಯ ಕವಚದಡಿಯಲ್ಲಿ ಮರೆಯಾಗಿರುತ್ತದೆ. ದುಂಬಿಗೆ ತಲೆ ಇರಲೇಬೇಕಲ್ಲ ಎಂದು ಕಾಣದ ತಲೆಯನ್ನು ಸೇರಿಸಿ ಬರೆಯುವವರು ಬಹಳ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಕೀಟ ಬಲ್ಲವರ ಮುಂದೆ ಕರಡನ್ನಿಟ್ಟು ತಿದ್ದಿಸಿಕೊಳ್ಳಲು ಪ್ರಯತ್ನಿಸಿ.

ಟ್ಯಾಬ್ಲೆಟ್ ಈಗಲೇ ಬೇಡ. ಮುಂದೆ ಬೇಕಾಗುತ್ತದೆ, ಏಕೆಂದರೆ ವೈದ್ಯಕೀಯ ಚಿತ್ರಗಳಲ್ಲಿ ತಿದ್ದುಪಡಿ ಬಹಳ, ಮತ್ತು ಕೊಬ್ಬು, ಸ್ನಾಯು, ರಕ್ತನಾಳಗಳನ್ನು ಬೇರೆಬೇರೆ ಲೇಯರ್‌ಗಳಲ್ಲಿಟ್ಟರೆ ಒಂದನ್ನು ಮರೆಮಾಡಿ ಇನ್ನೊಂದನ್ನು ತೋರಿಸಬಹುದು. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಹಣ ಕೊಡದೆ ಸಿಗುವ ಕ್ರೀಟಾ ಮತ್ತು ಇಂಕ್‌ಸ್ಕೇಪ್ ಆರಂಭಕ್ಕೆ ಸಾಕು. ಯಂತ್ರವೇ ಚಿತ್ರ ಬರೆದುಕೊಡುವ ಸವಲತ್ತಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: 2024ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯೊಂದರಲ್ಲಿ ಹಾಗೆ ತಯಾರಾದ ಇಲಿಯ ಚಿತ್ರ ಪ್ರಕಟವಾಯಿತು; ಅದರಲ್ಲಿ ಇಲಿಯ ಜನನಾಂಗ ಅಸಂಬದ್ಧ ಗಾತ್ರದ್ದಾಗಿತ್ತು, ಭಾಗಗಳ ಹೆಸರುಗಳು ಅರ್ಥವಿಲ್ಲದ ಅಕ್ಷರಗಳಾಗಿದ್ದವು. ಕೆಲವೇ ದಿನಗಳಲ್ಲಿ ಆ ಲೇಖನವನ್ನು ಹಿಂಪಡೆಯಲಾಯಿತು. ಚಿತ್ರದ ಕರಡನ್ನು ಬಲ್ಲವರು ತಿದ್ದಿದ್ದರೆ ಹೀಗಾಗುತ್ತಿರಲಿಲ್ಲ.

ವೈದ್ಯಕೀಯ ಪದವಿ ಇಲ್ಲದೆ ಸಾಧ್ಯ. ಈ ವೃತ್ತಿಗೆ ಮೊದಲ ವಿಶ್ವವಿದ್ಯಾಲಯ ವಿಭಾಗವನ್ನು 1911ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಆರಂಭಿಸಿದ ಮ್ಯಾಕ್ಸ್ ಬ್ರೋಡೆಲ್ ವೈದ್ಯರಾಗಿ ಓದಿದವರಲ್ಲ, ಜರ್ಮನಿಯಲ್ಲಿ ಚಿತ್ರಕಲೆ ಕಲಿತು ಬಂದವರು. ಅಂಗರಚನೆಯನ್ನು ಛೇದಿಸಿ ನೋಡಿ ಕಲಿತರು. ಇನ್ನೊಂದು ದಾರಿ ಹೆನ್ರಿ ವ್ಯಾಂಡೈಕ್ ಕಾರ್ಟರ್ ಅವರದು. 1858ರಲ್ಲಿ ಬಂದ ಗ್ರೇ ಅವರ ಪ್ರಸಿದ್ಧ ಅನಾಟಮಿ ಗ್ರಂಥದ ಚಿತ್ರಗಳನ್ನು ಬರೆದ ಅವರು ಸ್ವತಃ ವೈದ್ಯರು. ಅದೇ ವರ್ಷ ಮುಂಬಯಿಗೆ ಬಂದು ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡಿದರು. ಅವರ ಚಿತ್ರಗಳಲ್ಲಿ ಭಾಗದ ಹೆಸರು ಆ ಭಾಗದ ಮೇಲೆಯೇ ಅಚ್ಚಾಗಿರುತ್ತದೆ, ಓದುವವರು ಗೆರೆ ಹಿಡಿದು ಪುಟದ ಅಂಚಿಗೆ ಅಲೆಯಬೇಕಿಲ್ಲ. ಇಂದು ಇದಕ್ಕೆಂದೇ ಇರುವ ಸ್ನಾತಕೋತ್ತರ ಪದವಿಗಳು ಜಾನ್ಸ್ ಹಾಪ್‌ಕಿನ್ಸ್, ಟೊರಾಂಟೊ, ಸ್ಕಾಟ್ಲೆಂಡಿನ ಡಂಡಿ ಮುಂತಾದ ಕೆಲವೇ ಕಡೆ ಇವೆ, ಖರ್ಚು ಹೆಚ್ಚು. ಜೀವಶಾಸ್ತ್ರದ ಪದವಿ ಮತ್ತು ನಿಜವಾದ ವಸ್ತು ನೋಡಿ ಬರೆದ ಚಿತ್ರಗಳ ಸಂಗ್ರಹ, ಎರಡೂ ಅಲ್ಲಿ ಸಾಮಾನ್ಯವಾಗಿ ನೆರವಿಗೆ ಬರುತ್ತವೆ. ಮೊದಲನೆಯದು ನಿಮಗೆ ಈ ವರ್ಷ ಸಿಗುತ್ತದೆ.

ಜೀವನದ ಪ್ರಶ್ನೆಗೆ ನೇರ ಉತ್ತರ: ಮೊದಲ ಕೆಲವು ವರ್ಷ ಇದೊಂದರಿಂದಲೇ ನಡೆಯುವುದು ಕಷ್ಟ, ಬೋಧನೆಯೋ ಇನ್ನೊಂದು ಕೆಲಸವೋ ಜೊತೆಗಿರಲಿ. ಸ್ನಾತಕೋತ್ತರ ವೈದ್ಯರ ಪ್ರಬಂಧಗಳು, ಶಸ್ತ್ರಚಿಕಿತ್ಸೆಯ ಲೇಖನಗಳು, ಹೊಸ ಸಸ್ಯ ಅಥವಾ ಕೀಟವನ್ನು ವರ್ಣಿಸುವ ಸಂಶೋಧಕರು, ಪಠ್ಯಪುಸ್ತಕ ಪ್ರಕಾಶಕರು, ರೋಗಿಗಳಿಗೆ ಕನ್ನಡದಲ್ಲಿ ತಿಳಿಹೇಳುವ ಫಲಕ ಬೇಕಾದ ಆಸ್ಪತ್ರೆಗಳು, ಇವರೇ ಕೆಲಸ ಕೊಡುವವರು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ನಿಮ್ಮ ಮನೆಗೆ ಹತ್ತಿರ. ಅಲ್ಲಿನ ಸಂಶೋಧಕರಿಂದ ಆರಂಭಿಸಬಹುದು. ಪರಿಚಯದವರೇ ಆದರೂ ಕೆಲಸಕ್ಕೆ ಮುಂಚೆ ನಾಲ್ಕು ವಿಷಯಗಳನ್ನು ಕಾಗದದ ಮೇಲೆ ಒಪ್ಪಿಸಿಕೊಳ್ಳಿ: ಎಷ್ಟು ಸಲ ತಿದ್ದಿಕೊಡುತ್ತೀರಿ, ಚಿತ್ರವನ್ನು ಯಾವ ಪ್ರಕಟಣೆಗೆ ಮಾತ್ರ ಬಳಸಬಹುದು, ಮೂಲ ಪ್ರತಿ ಯಾರದು, ನಿಮ್ಮ ಹೆಸರು ಎಲ್ಲಿ ಅಚ್ಚಾಗುತ್ತದೆ. ಬೇರೆಯವರ ಪುಸ್ತಕದ ಚಿತ್ರವನ್ನು "ಸ್ವಲ್ಪ ಬದಲಿಸಿ ಬರೆದುಕೊಡಿ" ಎಂದು ಯಾರಾದರೂ ಕೇಳುತ್ತಾರೆ, ಖಂಡಿತ ಕೇಳುತ್ತಾರೆ. ಅದು ಕೃತಿಸ್ವಾಮ್ಯದ ಉಲ್ಲಂಘನೆ ಎಂದು ಹೇಳಿ, ಅದೇ ಅಂಗವನ್ನು ನೀವೇ ನೋಡಿ ಬರೆದುಕೊಡುವುದಾದರೆ ಮಾತ್ರ ಒಪ್ಪಿಕೊಳ್ಳಿ.